ಮೂರು ಕಡೆ ಪ್ಯಾಕಿಂಗ್ ಬದಲಾಯಿಸಿದರೂ ನಿಲ್ಲದ ಆಯಿಲ್ ಲೀಕ್: ಕಾರು ಗ್ರೂಪಿನ ಪ್ರಶ್ನೋತ್ತರ

ಪೆಟ್ರೋಲ್ ಕಾರಿನವರು: ಸರ್, 1.2 ಲೀಟರ್ ಪೆಟ್ರೋಲ್ ಎಂಜಿನ್, 1,10,000 ಕಿ.ಮೀ. ಓಡಿದೆ. ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಗ್ಯಾಸ್ಕೆಟ್ ಎರಡು ಸಲ, ಚೇಂಬರ್ (ಕೆಳಗಿನ ಆಯಿಲ್ ತಟ್ಟೆ) ಪ್ಯಾಕಿಂಗ್ ಒಂದು ಸಲ ಆಯಿತು. ಕೊನೆಗೆ ಗೇರ್‌ಬಾಕ್ಸ್ ಇಳಿಸಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡ) ಹಿಂದಿನ ಆಯಿಲ್ ಸೀಲ್ ಕೂಡ ಹಾಕಿಸಿದೆ. ಊರೊಳಗೆ ಓಡಿಸಿದರೆ ಒಂದು ಹನಿಯೂ ಬೀಳಲ್ಲ. ಹೆದ್ದಾರಿಯಲ್ಲಿ ನೂರು ಕಿ.ಮೀ. ಹೋಗಿ ಬಂದರೆ ಬೆಲ್ ಹೌಸಿಂಗ್ (ಎಂಜಿನ್ನಿಗೆ ಗೇರ್‌ಬಾಕ್ಸ್ ಸೇರುವ ಕಡೆಯ ಕವಚ) ಕೆಳಗೆ ಅಂಗೈ ಅಗಲ ಎಣ್ಣೆ. ಸಾವಿರ ಕಿ.ಮೀ.ಗೆ 300 ಮಿ.ಲೀ. ಇಳಿಯುತ್ತಿದೆ. ಸೀಲ್ ಮತ್ತೆ ಹಾಕಿಸಬೇಕಾ?

ಮೆಕ್ಯಾನಿಕ್: ಬೇಡ. ಸದ್ಯಕ್ಕೆ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ. ಊರೊಳಗೆ ಒಣಗಿರುತ್ತದೆ, ಹೆದ್ದಾರಿಯಲ್ಲಿ ಸೋರುತ್ತದೆ ಅಂದಿರಲ್ಲ, ಸುಳಿವು ಅಲ್ಲೇ ಇದೆ.

ಪಿಸ್ಟನ್ ಸುತ್ತಲಿನ ರಿಂಗ್ ಎಷ್ಟೇ ಚೆನ್ನಾಗಿರಲಿ, ಉರಿದ ಅನಿಲ ಸ್ವಲ್ಪ ಪಿಸ್ಟನ್ ದಾಟಿ ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸಿಗೆ ಇಳಿದೇ ಇಳಿಯುತ್ತದೆ. ಅದು ಪಿಸಿವಿ ವಾಲ್ವ್ (ಈ ಅನಿಲ ಹೊರಬಿಡುವ ಕವಾಟ) ಮತ್ತು ಬ್ರೀದರ್ ಪೈಪ್ ಮೂಲಕ ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕಿಗೆ ಹೋಗಬೇಕು. ಆ ದಾರಿ ಮಡ್ಡಿಯಿಂದ ಕಟ್ಟಿಕೊಂಡರೆ ನಿಧಾನ ಓಡಿಸುವಾಗ ಹೇಗೋ ನಡೆಯುತ್ತದೆ. ಲೋಡ್ ಬಿದ್ದು ಅನಿಲ ಹೆಚ್ಚಾದಾಗ ಒಳಗೆ ಒತ್ತಡ ಏರಿ, ಯಾವ ಸೀಲ್ ಸೋತಿದೆಯೋ ಅಲ್ಲಿಂದ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ಅದಕ್ಕೆ ಹೊಸದು ಹಾಕಿದರೆ ಪಕ್ಕದ್ದು ಸೋರಲು ಶುರು. ನಿಮಗೆ ಆಗಿರುವುದು ಇದೇ ಅಂತ ನನ್ನ ಅನುಮಾನ.

ಪರೀಕ್ಷೆ ಹೀಗೆ: ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಎಣ್ಣೆ ಮಟ್ಟ ನೋಡುವ ಡಿಪ್‌ಸ್ಟಿಕ್ ಕೊಳವೆಗೆ ಗಾಳಿ ಸೋರದ ಹಾಗೆ ಕೂರಿಸಿ. ನೀರು ಎಂಜಿನ್ ಒಳಗೆ ಹೋಗದಂತೆ ಪೈಪ್ ಉದ್ದ ಇರಲಿ. ಎಂಜಿನ್ ಬಿಸಿಯಾದ ಮೇಲೆ, ಆಕ್ಸಿಲರೇಟರ್ ಒತ್ತದೆ, ಐಡಲ್‌ನಲ್ಲಿ ನೀರು ಎಂಜಿನ್ ಕಡೆಗೆ ಸ್ವಲ್ಪ ಎಳೆದುಕೊಳ್ಳಬೇಕು. ಆಮೇಲೆ 3000 ಆರ್‌ಪಿಎಂನಲ್ಲಿ ಹಿಡಿದು ನೋಡಿ. ಹೊರಕ್ಕೆ ತಳ್ಳಿದರೆ ಒಳಗೆ ಒತ್ತಡವಿದೆ. ಪಿಸಿವಿ ಅಲ್ಲಾಡಿಸಿದಾಗ ಕಟಕಟ ಅಂತು, ಸರಿಯಿದೆ ಅನ್ನುವುದನ್ನು ನಂಬಬೇಡಿ. ಪೈಪ್ ಒಳಗೆ ಮಡ್ಡಿ ಕೂತಿರಬಹುದು, ಟ್ಯಾಪೆಟ್ ಕವರಿನ ಒಳಗಿನ ತಗಡಿನ ಹಿಂದೆಯೂ ಕಟ್ಟಿರಬಹುದು.

ಎರಡನೆಯದು, ಬೆಲ್ ಹೌಸಿಂಗ್ ಕೆಳಗೆ ಹನಿ ಬಿದ್ದ ಮಾತ್ರಕ್ಕೆ ಹಿಂದಿನ ಸೀಲ್ ಅಂತ ತೀರ್ಮಾನಿಸುವುದೇ ತಪ್ಪು. ಹೆಡ್ಡಿನ (ಎಂಜಿನ್ನಿನ ಮೇಲ್ಭಾಗ) ಹಿಂಭಾಗದ ಕ್ಯಾಮ್ ಪ್ಲಗ್ (ವಾಲ್ವ್ ತೆರೆಯುವ ದಂಡದ ತುದಿಯ ಮುಚ್ಚಳ), ಟ್ಯಾಪೆಟ್ ಕವರಿನ ಹಿಂದಿನ ಮೂಲೆ, ಆಯಿಲ್ ಪ್ರೆಶರ್ ಸ್ವಿಚ್ ಇವುಗಳಲ್ಲಿ ಯಾವುದು ಸೋರಿದರೂ ಎಣ್ಣೆ ಬ್ಲಾಕಿನ ಬೆನ್ನಿನ ಮೇಲೆ ಇಳಿದು ಅಲ್ಲೇ ಹನಿಯುತ್ತದೆ. ಸ್ವಿಚ್ಚಿನ ಕನೆಕ್ಟರ್ ಕಿತ್ತು ನೋಡಿ. ಒಳಗೆ ಎಣ್ಣೆ ಇದ್ದರೆ ಸ್ವಿಚ್ ಹೋಗಿದೆ.

ಎಂಜಿನ್ ತೊಳೆಸಿ ಒಣಗಿಸಿ. ಎಂಜಿನ್ ಆಯಿಲ್‌ಗೆಂದೇ ಇರುವ ಯುವಿ ಡೈಯನ್ನು (ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣ) 4 ಲೀಟರಿಗೆ ಸುಮಾರು 30 ಮಿ.ಲೀ. ಲೆಕ್ಕದಲ್ಲಿ ಹಾಕಿ ಹೆದ್ದಾರಿಗೇ ಹೋಗಿ. ಊರೊಳಗೆ ಸುತ್ತಿದರೆ ಏನೂ ಕಾಣಿಸದು. 20 ಕಿ.ಮೀ.ಗೊಮ್ಮೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟು, ಹಳದಿ ಕನ್ನಡಕ ಹಾಕಿ ನೋಡಿ. ಗಾಳಿ ಎಣ್ಣೆಯನ್ನು ಹಿಂದಕ್ಕೆ ಒಯ್ಯುತ್ತದೆ, ಭಾರ ಕೆಳಕ್ಕೆ ಎಳೆಯುತ್ತದೆ. ಆದ್ದರಿಂದ ಹೊಳೆಯುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ.

ಹೊಸ ಸದಸ್ಯ: ಸರ್ ನನ್ನದೂ ಲೀಕ್, ಡ್ರೈನ್ ಬೋಲ್ಟ್ ಹತ್ತಿರ.

ಮೆಕ್ಯಾನಿಕ್: ವಾಷರ್ ಹೊಸದು ಹಾಕಿ. ಪ್ರತಿ ಆಯಿಲ್ ಚೇಂಜಿಗೂ ಹೊಸದು.

ಫಾರ್ವರ್ಡ್ ಹಾಕಿದವರು: ಗ್ರೂಪಿಗೆ ಉಪಯೋಗವಾಗಲಿ. "ಎಂಜಿನ್ ಆಯಿಲ್‌ಗೆ 100 ಮಿ.ಲೀ. ಬ್ರೇಕ್ ಆಯಿಲ್ ಸುರಿದರೆ ಎಲ್ಲ ಸೀಲ್ ಉಬ್ಬಿ ಲೀಕ್ ಒಂದೇ ದಿನದಲ್ಲಿ ಬಂದ್. ಎಲ್ಲರಿಗೂ ಕಳಿಸಿ."

ಮೆಕ್ಯಾನಿಕ್: ಯಾರೂ ಹಾಕಬೇಡಿ. ಉಬ್ಬುತ್ತದೆ, ನಿಜ. ಆಮೇಲೆ ಸೀಲ್ ಮೆತ್ತಗಾಗಿ ಕಿತ್ತುಹೋಗುತ್ತದೆ, ಆಗ ಸೋರದ ಸೀಲೂ ಸೋರುತ್ತದೆ. ಸಾಮಾನ್ಯ ಬ್ರೇಕ್ ಆಯಿಲ್ ಗ್ಲೈಕಾಲ್ ಎಂಬ ರಾಸಾಯನಿಕದ್ದು, ಎಂಜಿನ್ ಆಯಿಲ್ ಜೊತೆ ಬೆರೆಯುವುದಿಲ್ಲ. ಬೇರಿಂಗಿಗೆ ಅದು ವಿಷ.

ಡೀಸೆಲ್ ಕಾರಿನವರು: ಟೈಮಿಂಗ್ ಬೆಲ್ಟ್ ಕವರಿನ ಕೆಳತುದಿಯಲ್ಲಿ ಎಣ್ಣೆ ಜಿನುಗುತ್ತಿದೆ ಸರ್. ಸ್ವಲ್ಪವೇ. ಮುಂದಿನ ಸರ್ವಿಸ್‌ವರೆಗೆ ಓಡಿಸಬಹುದಾ?

ಮೆಕ್ಯಾನಿಕ್: ಗಾಡಿ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಕ್ಯಾಮ್ ಸೀಲ್ ಅಥವಾ ಕ್ರ್ಯಾಂಕಿನ ಮುಂದಿನ ಸೀಲ್ ಸೋರುತ್ತಿರಬಹುದು. ಎಣ್ಣೆ ಕುಡಿದ ಬೆಲ್ಟ್ ಹಲ್ಲು ಕಳಚುತ್ತದೆ. ಪಿಸ್ಟನ್-ವಾಲ್ವ್ ಹೊಂದಾಣಿಕೆ (ಟೈಮಿಂಗ್) ತಪ್ಪಿದರೆ ಪಿಸ್ಟನ್ ವಾಲ್ವಿಗೆ ಹೊಡೆದು ಹೆಡ್ ಹೋಗುತ್ತದೆ. ಸೀಲ್ ಜೊತೆ ಬೆಲ್ಟೂ ಹೊಸದೇ ಆಗಬೇಕು. ಒರೆಸಿ ಮತ್ತೆ ಹಾಕುತ್ತೇವೆ ಅಂದರೆ ಒಪ್ಪಬೇಡಿ.

ಹಳೇ ಸದಸ್ಯ: ಇಷ್ಟೆಲ್ಲ ಯಾಕೆ? 5ಡಬ್ಲ್ಯೂ-30 ಆಯಿಲ್ ತೆಗೆದು ಅದಕ್ಕಿಂತ ದಪ್ಪದ 20ಡಬ್ಲ್ಯೂ-50 ಹಾಕಿ. ದಪ್ಪ ಆಯಿಲ್ ಸೋರಲ್ಲ.

ಇನ್ನೊಬ್ಬ ಸದಸ್ಯ: ಬೆಳಿಗ್ಗೆ ತಣ್ಣಗಿನ ಸ್ಟಾರ್ಟಿನಲ್ಲಿ ಅದು ಮೇಲೆ ಕ್ಯಾಮ್‌ಗೆ ತಲುಪುವುದು ತಡವಾಗುತ್ತೆ. ವೇರಿಯಬಲ್ ವಾಲ್ವ್ ಟೈಮಿಂಗ್ (ವಾಲ್ವ್ ತೆರೆಯುವ ಸಮಯ ಬದಲಾಗುವ ವ್ಯವಸ್ಥೆ) ಇರುವ ಎಂಜಿನ್‌ಗೆ ಅದು ಆಗಿಬರಲ್ಲ.

ಹಳೇ ಸದಸ್ಯ: ಪುಸ್ತಕ ಓದಿ ಹೇಳ್ತಿದ್ದೀರಿ. ಹಳೇ ಎಂಜಿನ್‌ಗಳೆಲ್ಲ ಅದರಲ್ಲೇ ಓಡಿದವು.

ಇನ್ನೊಬ್ಬ ಸದಸ್ಯ: ಆ ಎಂಜಿನ್‌ಗಳ ಒಳಭಾಗಗಳ ನಡುವಿನ ಸಂದು (ಕ್ಲಿಯರೆನ್ಸ್) ಬೇರೆ ಕಣ್ರೀ. ಓನರ್ಸ್ ಮ್ಯಾನ್ಯುವಲ್ ಒಮ್ಮೆ ತೆರೆದು ನೋಡಿ, ಆಮೇಲೆ ವಾದ ಮಾಡಿ.

ಹಳೇ ಸದಸ್ಯ: ನನಗೆ ಕಲಿಸಲು ಬರಬೇಡಿ.

ಮೆಕ್ಯಾನಿಕ್: ಮ್ಯಾನ್ಯುವಲ್‌ನಲ್ಲಿ ಒಪ್ಪಿದ ಗ್ರೇಡ್ ಮಾತ್ರ. ಒಳಗಿನ ಒತ್ತಡ ಆಯಿಲ್ ದಪ್ಪ ನೋಡಿ ಸುಮ್ಮನಾಗುವುದಿಲ್ಲ. ಈ ಜಗಳ ಇಲ್ಲಿಗೆ ಸಾಕು.

ಗ್ರೂಪ್ ಸದಸ್ಯೆ: ಲೀಕ್ ಇರುವ ಕಡೆ ಹೊರಗಿನಿಂದ ಸಿಲಿಕಾನ್ ಪೇಸ್ಟ್ ಬಳಿದರೆ ನಿಲ್ಲುತ್ತಾ ಸರ್?

ಮೆಕ್ಯಾನಿಕ್: ಇಲ್ಲ. ಎಣ್ಣೆ ಜಿಡ್ಡಿನ ಮೇಲೆ ಅದು ಅಂಟುವುದೇ ಇಲ್ಲ. ಒಳಗೆ ಗ್ಯಾಸ್ಕೆಟ್ಟಿಗೂ ಪೂರ್ತಿ ಬಳಿಯುವಂತಿಲ್ಲ. ಹೆಡ್ಡೂ ಟೈಮಿಂಗ್ ಕವರೂ ಸೇರುವ ಸಂದಿಯಲ್ಲಿ ಒಂದು ಬೊಟ್ಟು, ಅಷ್ಟೇ. ಹೆಚ್ಚಾಗಿದ್ದು ಒಳಗೆ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿದರೆ ಎಂಜಿನ್ ಜಾಮ್.

ಮತ್ತೊಬ್ಬರು: ಡ್ರೈನ್ ಬೋಲ್ಟ್ ಲೀಕಿಗೆ ಏನು ಮಾಡಬೇಕು?

ಮೆಕ್ಯಾನಿಕ್: ಮೇಲೆ ಬರೆದಿದೆ.

ಫಾರ್ವರ್ಡ್ ಹಾಕಿದವರು: ಇನ್ನೊಂದು ವಿಡಿಯೊ ಬಂದಿದೆ, ಬಟ್ಟೆ ಸೋಪಿನ ತುಂಡನ್ನು ಚೇಂಬರಿಗೆ ತಿಕ್ಕಿದರೆ...

ಮೆಕ್ಯಾನಿಕ್: ದಯವಿಟ್ಟು ನಿಲ್ಲಿಸಿ. ಎಗ್ಸಾಸ್ಟ್ ಮೇಲೆ ಎಣ್ಣೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ಸೋಪಿನ ಭರವಸೆಯಲ್ಲಿ ಯಾರಾದರೂ ಓಡಿಸಿದರೆ ಹೊಣೆ ಯಾರು?

ಪೆಟ್ರೋಲ್ ಕಾರಿನವರು: ಸರ್, ನೀರಿನ ಪೈಪ್ ಇಟ್ಟು ನೋಡಿದೆ. ಐಡಲ್‌ನಲ್ಲಿ ಒಳಕ್ಕೆ ಎಳೆಯಿತು. 3000ದಲ್ಲಿ ನಾಲ್ಕು ಬೆರಳಷ್ಟು ಹೊರಕ್ಕೆ ತಳ್ಳಿತು. ಪಿಸಿವಿ ಹೊಸದು ಹಾಕಿದೆ, ಬ್ರೀದರ್ ಪೈಪಿಂದ ಕಪ್ಪು ಮಡ್ಡಿ ತೆಗೆದೆ. ಈಗ ಎರಡು ಬೆರಳಿಗೆ ಇಳಿದಿದೆ.

ಮೆಕ್ಯಾನಿಕ್: ಒಳ್ಳೆಯ ಕೆಲಸ. ಉಳಿದ ಎರಡು ಬೆರಳು ಕವರಿನ ಒಳಗಿನ ತಗಡಿನ ಹಿಂದೆ ಕಟ್ಟಿರುವ ಮಡ್ಡಿಯಿಂದ ಇರಬಹುದು, ರಿಂಗ್ ಸವೆದೂ ಇರಬಹುದು. ಮೊದಲು ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು) ಮಾಡಿಸಿ. ಯಾವ ಸಿಲಿಂಡರಿನಲ್ಲಾದರೂ ಸೋರಿಕೆ ಶೇ. 20 ದಾಟಿ, ಆಯಿಲ್ ಹಾಕುವ ಬಾಯಿಯಿಂದ ಗಾಳಿಯ ಸದ್ದು ಬಂದರೆ ರಿಂಗ್. ಎಲ್ಲ ಸಿಲಿಂಡರ್ ಚೆನ್ನಾಗಿದ್ದರೆ ಕವರ್ ಇಳಿಸಿ ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ ತೊಳೆಯಿರಿ. ಕೂರಿಸುವಾಗ ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಟಾರ್ಕ್ ಪಾನಾದಲ್ಲೇ (ಬಿಗಿತ ಅಳೆದು ತೋರಿಸುವ ಪಾನಾ) ಬಿಗಿಯಿರಿ. ಸಣ್ಣ ಬೋಲ್ಟುಗಳು, ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್. ಕೈಬಲಕ್ಕೆ ಬಿಗಿದರೆ ಕವರ್ ಸೊಟ್ಟಗಾಗಿ ಮತ್ತೆ ಲೀಕ್. ಹೊಸ ಹಿಂದಿನ ಸೀಲ್ ಮುಟ್ಟಬೇಡಿ.

ಹಳೇ ಸದಸ್ಯ: 20ಡಬ್ಲ್ಯೂ-50 ಹಾಕಿದ್ದರೆ ಇಷ್ಟು ಹೊತ್ತಿಗೆ ನಿಂತಿರುತ್ತಿತ್ತು.

ಇನ್ನೊಬ್ಬ ಸದಸ್ಯ: ಮತ್ತೆ ಶುರುವಾಯಿತು. ಅಡ್ಮಿನ್ ಎಲ್ಲಿ?

ಹೊಸ ಸದಸ್ಯ: ಸರ್, ವಾಷರ್ ಹಾಕಿದೆ, ಇನ್ನೂ ಜಿನುಗುತ್ತಿದೆ. ಬೋಲ್ಟ್ ತಿರುಗುತ್ತಲೇ ಇದೆ, ಬಿಗಿಯಾಗುತ್ತಿಲ್ಲ. ಸರ್?