ಸಹಾಯ ಬೇಕು: ಕಾಡ್ಗಿಚ್ಚಿನ ಹೊಗೆ, ಅಮ್ಮನಿಗೆ ಆಸ್ತಮಾ, ಕಿಟಕಿ ತೆಗೀಬೇಕಾ ಬೇಡ್ವಾ?

ಎಲ್ಲರಿಗೂ ನಮಸ್ಕಾರ. ನಾವು ಕೆನಡಾದ ಕ್ಯಾಲ್ಗರಿಯಲ್ಲಿದ್ದೀವಿ. ಬ್ರಿಟಿಷ್ ಕೊಲಂಬಿಯಾ ಕಡೆಯ ಕಾಡ್ಗಿಚ್ಚಿನ ಹೊಗೆ ಮತ್ತೆ ಊರೊಳಗೆ ಇಳಿದಿದೆ. ಮೈಸೂರಿಂದ ಬಂದಿರೋ ಅಮ್ಮನಿಗೆ ಆಸ್ತಮಾ. ಇನ್ಹೇಲರ್ ಕೈಯಲ್ಲೇ ಇದೆ.

ಕಿಟಕಿ ಸಂದಿಗೆಲ್ಲ ಟೇಪ್ ಹಚ್ಚಿದ್ದೀವಿ. ಬಾಕ್ಸ್ ಫ್ಯಾನಿಗೆ ಮರ್ವ್ 13 (ಹೊಗೆಯ ಸಣ್ಣ ಕಣಗಳನ್ನೂ ಹಿಡಿಯೋ ದರ್ಜೆ) ಫಿಲ್ಟರ್ ಕಟ್ಟಿ ಅಮ್ಮನ ರೂಮಲ್ಲಿ ಓಡಿಸ್ತಿದ್ದೀವಿ, ವಾಸನೆ ಕಮ್ಮಿಯಾಗಿದೆ. ಹೊರಗೆ ಹೋದ್ರೆ ಎನ್95 ಮಾಸ್ಕ್. ಒಗ್ಗರಣೆ, ಊದುಬತ್ತಿ ಎರಡೂ ಬಂದ್ (ಊದುಬತ್ತಿ ವಿಷಯದಲ್ಲಿ ಅಮ್ಮನ್ನ ಒಪ್ಪಿಸೋಷ್ಟರಲ್ಲಿ ಸಾಕಾಯ್ತು).

ತೊಂದರೆ ಏನಂದ್ರೆ, ಅಪಾರ್ಟ್‌ಮೆಂಟಲ್ಲಿ ಎಸಿ ಇಲ್ಲ. ಎಲ್ಲ ಮುಚ್ಚಿದ್ರೆ ಸಂಜೆ ಹೊತ್ತಿಗೆ ಒಳಗೆ 31 ಡಿಗ್ರಿ, ಸೆಕೆಗೇ ಅಮ್ಮ ಸುಸ್ತಾಗ್ತಾರೆ. ರಾತ್ರಿ ಹೊರಗೆ ತಂಪು, ಆದ್ರೆ ಹೊಗೆ. ಡಾಕ್ಟರನ್ನ ಕೇಳಿದ್ರೆ ಸೆಕೇನೂ ಆಗಬಾರದು, ಹೊಗೇನೂ ಆಗಬಾರದು ಅಂದ್ರು!

ಅಂಕಿಗಳೂ ಒಂದಕ್ಕೊಂದು ಹೊಂದಲ್ಲ. ಇಲ್ಲಿನ ಎಕ್ಯೂಎಚ್‌ಐ (ಗಾಳಿಯಿಂದ ಆರೋಗ್ಯಕ್ಕೆ ಎಷ್ಟು ಅಪಾಯ ಅಂತ ಹೇಳೋ ಕೆನಡಾದ ಸೂಚ್ಯಂಕ) 1ರಿಂದ 10ರ ಲೆಕ್ಕ, 6 ಅಂದ್ರೆ ಮಧ್ಯಮ ಅಪಾಯ ಅನ್ನುತ್ತೆ. ಅದೇ ಹೊತ್ತಿಗೆ ಫೋನಿನ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅನ್ನೋ ಸೂಚ್ಯಂಕ) 150 ದಾಟಿ ಕೆಂಪು ತೋರಿಸುತ್ತೆ.

ಆಸ್ತಮಾ ಇರೋ ಹಿರಿಯರನ್ನ ಇಂಥ ಹೊಗೇಲಿ ನೋಡ್ಕೊಂಡಿರೋರು ದಯವಿಟ್ಟು ಹೇಳಿ: ಇವೆರಡರಲ್ಲಿ ಯಾವ ಅಂಕಿ ನಂಬ್ತೀರಿ, ಅದು ಎಷ್ಟಕ್ಕೆ ಇಳಿದ್ರೆ ರಾತ್ರಿ ಕಿಟಕಿ ತೆಗೀತೀರಿ?