ರಾಜಕೀಯ ಸಂವಹನದಲ್ಲಿ ಪಿಎಚ್.ಡಿ.: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಪತ್ರಿಕೋದ್ಯಮದಲ್ಲಿ ಎಂ.ಎ. ಆಗಿದೆ. ಕನ್ನಡ ಪತ್ರಿಕೆಗಳ ಚುನಾವಣಾ ವರದಿಗಳ ಮೇಲೆ ಸಂಶೋಧನೆ ಮಾಡಿ ಅಧ್ಯಾಪನಕ್ಕೆ ಹೋಗಬೇಕೆಂದಿದ್ದೇನೆ. ತಿಳಿದವರು ದಾರಿ ಹೇಳಿ.

ಉತ್ತರ 1: ವಿಶ್ವವಿದ್ಯಾಲಯಕ್ಕಿಂತ ಮೊದಲು ಗೈಡ್ (ಸಂಶೋಧನಾ ಮಾರ್ಗದರ್ಶಕರು) ಯಾರೆಂದು ನೋಡಿಕೊಳ್ಳಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ವಿದ್ಯಾರ್ಥಿಗಳು ಮಾತ್ರ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅರ್ಜಿ ಹಾಕುವ ಮೊದಲೇ ಎರಡನ್ನೂ ಕೇಳಿ, ಸಂಕೋಚ ಬೇಡ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್ ಬರೆಯುವಾಗ ಸಂಶೋಧನಾ ಫೆಲೋಶಿಪ್ ಆದ ಜೆಆರ್‌ಎಫ್‌ಗೇ ಗುರಿಯಿಡಿ: ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್‌ನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ, ಫೆಲೋಶಿಪ್ ಬರುವುದಿಲ್ಲ.

ಉತ್ತರ 2: ವಿಷಯ ಚಿಕ್ಕದಿರಲಿ. 1968ರಲ್ಲಿ ಸಂವಹನ ಸಂಶೋಧಕರಾದ ಮೆಕೂಂಬ್ಸ್ ಮತ್ತು ಶಾ ಮಾತಾಡಿಸಿದ್ದು ಅಮೆರಿಕದ ಚಾಪೆಲ್ ಹಿಲ್ ಎಂಬ ಒಂದೇ ಊರಿನ, ಮತ ಯಾರಿಗೆಂದು ಇನ್ನೂ ನಿರ್ಧರಿಸದ 100 ಮತದಾರರನ್ನು. ಮಾಧ್ಯಮ ಒತ್ತು ಕೊಟ್ಟ ವಿಷಯವೇ ಜನರಿಗೂ ಮುಖ್ಯವಾಗುತ್ತದೆ ಎನ್ನುವ ಅಜೆಂಡಾ ಸೆಟ್ಟಿಂಗ್ ಸಿದ್ಧಾಂತಕ್ಕೆ ಅಷ್ಟು ಸಾಕಾಯಿತು. ನಿಮಗೆ 2023ರ ವಿಧಾನಸಭಾ ಚುನಾವಣೆ, ಎರಡು ಪತ್ರಿಕೆ, ಮಾರ್ಚ್ 29ರ ಘೋಷಣೆಯಿಂದ ಮೇ 10ರ ಮತದಾನದವರೆಗಿನ ಸಂಚಿಕೆಗಳು ಸಾಕು. ಯಾವ ಜಿಲ್ಲೆಯ ಆವೃತ್ತಿ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಒಳಪುಟಗಳು ಊರಿಂದೂರಿಗೆ ಬದಲಾಗುತ್ತವೆ.

ಕಂಪ್ಯೂಟರ್ ಹುಡುಕಾಟವನ್ನು ನಂಬಿ ಕೂರಬೇಡಿ. ‘ಕಾಂಗ್ರೆಸ್’ ಎಂದು ಹುಡುಕಿದರೆ ತಲೆಬರಹದ ‘ಕೈ’ ತಪ್ಪಿಹೋಗುತ್ತದೆ. ‘ಕೈ’ ಎಂದು ಹುಡುಕಿದರೆ ಕೈಕೊಟ್ಟ ಮಳೆಯೂ ಬರುತ್ತದೆ. ‘ಕಮಲ’, ‘ದಳ’ದ ಪಾಡೂ ಅದೇ. ಯೂನಿಕೋಡ್ ಅಲ್ಲದ ಫಾಂಟಿನ ಪಿಡಿಎಫ್ ಆದರಂತೂ ಕಾಪಿ ಮಾಡಿದ ಪಠ್ಯ ಓದಲಿಕ್ಕೇ ಬರುವುದಿಲ್ಲ. ಪುಟ ತಿರುವಿಯೇ ಎಣಿಸಬೇಕು.

ಕೋಡಿಂಗ್‌ಗೆ, ಅಂದರೆ ಪ್ರತಿ ಸುದ್ದಿಯನ್ನು ಓದಿ ವರ್ಗಕ್ಕೆ ಹಾಕುವ ಕೆಲಸಕ್ಕೆ, ಇನ್ನೊಬ್ಬರು ಬೇಕೇ ಬೇಕು. ಶೇ 10ರಷ್ಟಾದರೂ ಸುದ್ದಿಗಳನ್ನು ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ಕೋಡ್ ಮಾಡಿ, ಇಬ್ಬರ ಕೋಡ್ ಎಷ್ಟು ಹೊಂದುತ್ತದೆ ಎಂದು ಅಳೆಯುವ ಕ್ರಿಪೆಂಡಾರ್ಫ್ ಆಲ್ಫಾ ಲೆಕ್ಕ ಹಾಕಿ. 0.80 ಬಂದರೆ ನಿಶ್ಚಿಂತೆ, 0.667ಕ್ಕಿಂತ ಕೆಳಗಿದ್ದರೆ ಆ ಅಂಶದ ಮೇಲೆ ತೀರ್ಮಾನ ಕೊಡಬಾರದು. ಹೆಚ್ಚಾಗಿ ಎಡವುವುದು ‘ಧೋರಣೆ’ ಕಾಲಂನಲ್ಲಿ. ‘ಕೈ ಪಾಳಯದಲ್ಲಿ ತಳಮಳ’ ಎಂಬುದು ಒಬ್ಬರಿಗೆ ನಕಾರಾತ್ಮಕ, ಇನ್ನೊಬ್ಬರಿಗೆ ಬರೀ ವರದಿ. ಅಳೆಯುವುದು ವರದಿಗಾರರ ಪದವನ್ನೋ, ಸುದ್ದಿಯಲ್ಲಿರುವ ನಾಯಕರ ಮಾತನ್ನೋ ಎಂದು ನಿಯಮ ಬರೆದಿಡಿ. ನಿಯಮ ತಿದ್ದಿದ ಮೇಲೆ ಹೊಸ ಸುದ್ದಿಗಳ ಮೇಲೆ ಪರೀಕ್ಷಿಸಿ. ಹಳೆಯವನ್ನೇ ಮತ್ತೆ ಕೋಡ್ ಮಾಡಿದರೆ ನೆನಪಿನಿಂದಲೇ ಅಂಕ ಏರುತ್ತದೆ.

ಉತ್ತರ 3: ಸೋಷಿಯಲ್ ಮೀಡಿಯಾ ಸೇರಿಸುವುದಾದರೆ ಒಂದೇ ಉಪಕರಣವನ್ನು ನೆಚ್ಚಿಕೊಳ್ಳಬೇಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನು ಹುಡುಕಲು ಎಷ್ಟೋ ಸಂಶೋಧಕರಿಗೆ ಆಧಾರವಾಗಿದ್ದ ಕ್ರೌಡ್‌ಟ್ಯಾಂಗಲ್ ಅನ್ನು ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಮೆಟಾದ ಜಾಹೀರಾತು ಸಂಗ್ರಹವಾದ ಆಡ್ ಲೈಬ್ರರಿಯಲ್ಲಿ ರಾಜಕೀಯ ಜಾಹೀರಾತುಗಳು ಏಳು ವರ್ಷ ಇರುತ್ತವೆ, ಆದರೆ ಒಂದೊಂದು ಜಾಹೀರಾತಿನ ಖರ್ಚು ‘ಇಷ್ಟರಿಂದ ಇಷ್ಟು’ ಎಂದಷ್ಟೇ ಕಾಣುತ್ತದೆ. ಅವನ್ನು ಕೂಡಿಸಿ ಒಂದೇ ಮೊತ್ತ ಬರೆದರೆ ಪರೀಕ್ಷಕರು ಹಿಡಿಯುತ್ತಾರೆ. ಕೆಳಮಿತಿ, ಮೇಲ್ಮಿತಿ ಎರಡನ್ನೂ ಕೊಡಿ.

ಉತ್ತರ 4: ಲೇಖನ ಪ್ರಕಟಣೆ ಬಗ್ಗೆ ಒಂದು ಮಾತು. ಮಾನ್ಯ ಸಂಶೋಧನಾ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿ 2025ರ ಫೆಬ್ರವರಿಯಲ್ಲಿ ರದ್ದಾಗಿದೆ. ‘ಕೇರ್ ಲಿಸ್ಟೆಡ್, ಒಂದೇ ವಾರದಲ್ಲಿ ಪ್ರಕಟಣೆ’ ಎಂದು ದುಡ್ಡು ಕೇಳುವ ಮೇಲ್ ಬಂದರೆ ಉತ್ತರಿಸಬೇಡಿ. 2022ರ ನಿಯಮ ಪ್ರಬಂಧ ಸಲ್ಲಿಸುವ ಮುಂಚೆ ಪ್ರಕಟಣೆಯನ್ನು ಕಡ್ಡಾಯ ಮಾಡಿಲ್ಲ, ಆದರೂ ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮ ಏನಿದೆ ಎಂದು ಪಿಎಚ್.ಡಿ. ವಿಭಾಗದಲ್ಲಿ ಕೇಳಿಕೊಳ್ಳಿ.