ಆನ್ ಫ್ರ್ಯಾಂಕಳ ದಿನಚರಿಯೊಳಗಿನ ವಲಸೆ ಕುಟುಂಬ

ನೆದರ್ಲ್ಯಾಂಡ್ಸ್‌ನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಲ್ಲಿ ಹೆಚ್ಚಿನವರ ಮನೆಗೆ ಆನ್ ಫ್ರ್ಯಾಂಕಳ ದಿನಚರಿ ಒಂದಲ್ಲ ಒಂದು ದಿನ ಶಾಲೆಯ ಚೀಲದಲ್ಲಿ ಬಂದೇ ಬರುತ್ತದೆ. ಚಿಕ್ಕ ಮಕ್ಕಳಿಗೆ ಅದು ಭಾರವಾಗುವುದಿಲ್ಲವೇ ಎಂದು ಕೆಲವು ತಾಯಂದಿರು ಕೇಳಿದ್ದಾರೆ. ಹನ್ನೆರಡರ ಆಸುಪಾಸಿನ ಮಕ್ಕಳು ಧಾರಾಳವಾಗಿ ಓದಲಿ, ಆದರೆ ಅವರಿಗಿಂತ ಮೊದಲು ನಾವು ಓದಿರಬೇಕು ಎಂಬುದು ನನ್ನ ಅಭಿಪ್ರಾಯ. ಅದು ಯುದ್ಧಕಾಲದ ದಾಖಲೆಯಾಗಿರುವಷ್ಟೇ, ಪರದೇಶದಲ್ಲಿ ನೆಲೆ ನಿಲ್ಲಲು ಹೊರಟ ಒಂದು ಕುಟುಂಬದ ಕಥೆಯೂ ಹೌದು. ಈ ಎರಡನೆಯ ಮುಖವನ್ನು ಮಕ್ಕಳಿಗಿಂತ ಹೆತ್ತವರೇ ಬೇಗ ಗುರುತಿಸುತ್ತಾರೆ.

ಆನ್ ಹುಟ್ಟಿದ್ದು 1929ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ತಂದೆ ಓಟ್ಟೋ ಆಮ್ಸ್ಟರ್‌ಡ್ಯಾಮ್‌ಗೆ ಬಂದು, ಜಾಮ್ ಗಟ್ಟಿಯಾಗಲು ಬಳಸುವ ಪೆಕ್ಟಿನ್ ಮಾರುವ ವ್ಯಾಪಾರ ಆರಂಭಿಸಿದರು. ತಾಯಿ ಎಡಿತ್ ಮತ್ತು ಅಕ್ಕ ಮಾರ್ಗೊಟ್ ಆ ವರ್ಷದ ಕೊನೆಗೆ ಬಂದರು. ಇನ್ನೂ ಐದು ತುಂಬದ ಆನ್ 1934ರ ಫೆಬ್ರವರಿಯಲ್ಲಿ ಬಂದು ಸೇರಿದಳು. ಮಾಂಟೆಸರಿ ಶಾಲೆಯಲ್ಲಿ ಅವಳಿಗೆ ಡಚ್ ಭಾಷೆ ಎಷ್ಟು ಒಗ್ಗಿತೆಂದರೆ, ಎಂಟು ವರ್ಷಗಳ ನಂತರ ಹದಿಮೂರನೆಯ ಹುಟ್ಟುಹಬ್ಬಕ್ಕೆ ಸಿಕ್ಕ ದಿನಚರಿಯಲ್ಲಿ ಮನಸ್ಸಿನ ಅತ್ಯಂತ ಒಳಗಿನ ಮಾತನ್ನೂ ಅವಳು ಡಚ್ಚಿನಲ್ಲೇ ಬರೆದಳು. ತಾಯಿಗೆ ಆ ಭಾಷೆ ಅಷ್ಟು ಸುಲಭವಾಗಿ ಒಲಿಯಲಿಲ್ಲ.

ನಾಜಿಗಳಿಂದ ತಪ್ಪಿಸಿಕೊಳ್ಳಲು ಈ ಯಹೂದಿ ಕುಟುಂಬ ಇತರ ಕೆಲವರೊಂದಿಗೆ ಬಚ್ಚಿಟ್ಟುಕೊಂಡಿದ್ದ ಅಡಗುತಾಣದ ಮೊದಲ ತಿಂಗಳುಗಳಲ್ಲಿ ಬರೆದ ಒಂದು ಪುಟದಲ್ಲಿ ಆನ್, ತನ್ನ ಅಮ್ಮನೂ ಜೊತೆಗಿದ್ದ ಇನ್ನೊಬ್ಬ ಹೆಂಗಸೂ ಮಾತನಾಡುವ ಹರಕು ಡಚ್ಚನ್ನು ಗೇಲಿ ಮಾಡುತ್ತಾಳೆ. ಅವರ ಮಾತನ್ನು ಇನ್ನು ಮುಂದೆ ತಿದ್ದಿ ಸರಿಯಾದ ಡಚ್ಚಿನಲ್ಲೇ ಬರೆಯುವುದಾಗಿ ಹೇಳುತ್ತಾಳೆ. ಮನೆಯಲ್ಲಿ ಮಕ್ಕಳಿಂದ ಉಚ್ಚಾರಣೆ ತಿದ್ದಿಸಿಕೊಳ್ಳುವ ನಮಗೆ ಈ ಪುಟ ಬೇರೆಯೇ ರೀತಿಯಲ್ಲಿ ತಟ್ಟುತ್ತದೆ. ಹುಟ್ಟಿದ ಊರು, ಬಂಧುಬಳಗ, ಹಳೆಯ ಬದುಕು ಎಲ್ಲವನ್ನೂ ಕಳೆದುಕೊಂಡು, ಮಗಳ ಕಿವಿಗೆ ತನ್ನ ಮಾತೇ ತಪ್ಪಾಗಿ ಕೇಳಿಸುವ ಸ್ಥಿತಿಯಲ್ಲಿದ್ದ ಎಡಿತ್ ತನ್ನ ಪಾಲಿನ ಕಥೆಯನ್ನು ಹೀಗೆ ಬರೆದಿಡಲಿಲ್ಲ. ನಾವು ಅವರನ್ನು ಹೆಚ್ಚಾಗಿ ಮುನಿದ ಮಗಳ ಕಣ್ಣಿನಿಂದಲೇ ನೋಡುತ್ತೇವೆ. ಆನ್‌ಳ ನ್ಯಾಯಬುದ್ಧಿ ದೊಡ್ಡದು. 1944ರ ಜನವರಿ 2ರಂದು ಹಳೆಯ ಪುಟಗಳನ್ನು ತಿರುವಿ ನೋಡಿ, ಅಮ್ಮನ ಬಗ್ಗೆ ಇಷ್ಟೊಂದು ಕೋಪದಿಂದ ಬರೆದವಳು ನಾನೇನಾ ಎಂದು ಅವಳು ತನ್ನನ್ನೇ ಪ್ರಶ್ನಿಸಿಕೊಳ್ಳುತ್ತಾಳೆ. ಹದಿಹರೆಯದ ಮಗಳಿರುವ ಮನೆಯಲ್ಲಿ ಈ ಪುಟವನ್ನು ತಾಯಿ ಮಗಳು ಒಟ್ಟಿಗೆ ಓದುವುದು ಒಳ್ಳೆಯದು.

ಆದರೆ ಅವರ ವಲಸೆಯನ್ನೂ ನಮ್ಮದನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು. ನಾವು ಕೆಲಸ ಹುಡುಕಿಕೊಂಡು, ವೀಸಾ ಪಡೆದು, ಬೇಕೆಂದಾಗ ಊರಿಗೆ ಹೋಗಿಬರುವ ಅನುಕೂಲದೊಂದಿಗೆ ಬಂದವರು. ಓಟ್ಟೋ ಅಮೆರಿಕಕ್ಕೆ ಹೋಗಲು ವರ್ಷಗಟ್ಟಲೆ ಪ್ರಯತ್ನಿಸಿದರೂ ವೀಸಾ ಸಿಗಲಿಲ್ಲ. 1940ರ ಮೇ ತಿಂಗಳಲ್ಲಿ ಜರ್ಮನಿ ಈ ದೇಶವನ್ನೂ ಆಕ್ರಮಿಸಿತು. 1941ರ ನವೆಂಬರ್‌ನಲ್ಲಿ ಹೊರದೇಶದಲ್ಲಿದ್ದ ಜರ್ಮನ್ ಯಹೂದಿಗಳ ಪೌರತ್ವವನ್ನೇ ನಾಜಿ ಸರ್ಕಾರ ಕಿತ್ತುಕೊಂಡಿತು. ಆ ಬಳಿಕ ಈ ಕುಟುಂಬ ಯಾವ ದೇಶಕ್ಕೂ ಸೇರಿದ್ದಾಗಿರಲಿಲ್ಲ.

ಇದನ್ನು ನೆನಪಿಟ್ಟುಕೊಂಡು 1944ರ ಏಪ್ರಿಲ್‌ನ ಪುಟವನ್ನು ಓದಬೇಕು. ಯುದ್ಧ ಮುಗಿದ ಮೇಲೆ ಡಚ್ ಪ್ರಜೆಯಾಗಬೇಕೆಂಬುದೇ ತನ್ನ ಮೊದಲ ಆಸೆ, ಈ ಜನ, ಈ ನಾಡು, ಈ ಭಾಷೆ ತನಗೆ ಪ್ರೀತಿ ಎಂದು ಆನ್ ಅಲ್ಲಿ ಬರೆಯುತ್ತಾಳೆ. ಮುಂದಿನ ತಿಂಗಳಲ್ಲೇ, ಯುದ್ಧದ ನಂತರ ಜರ್ಮನಿಯಿಂದ ಬಂದ ಯಹೂದಿಗಳು ಹಿಂತಿರುಗಬೇಕಾದೀತೆಂಬ ಮಾತು ಕಿವಿಗೆ ಬಿದ್ದು ಅವಳು ಕುಗ್ಗಿಹೋಗುತ್ತಾಳೆ. ಹಾಗಿದ್ದೂ ಈ ನಾಡನ್ನು ತನ್ನದೆಂದುಕೊಳ್ಳುವ ಹಂಬಲವನ್ನು ಬಿಡುವುದಿಲ್ಲ. ನಮ್ಮ ಮಕ್ಕಳು “ನಾನು ಯಾವ ದೇಶದವನು” ಎಂದು ಕೇಳಿದಾಗ ನಾವು ಕೆಲವೊಮ್ಮೆ ನೊಂದುಕೊಳ್ಳುತ್ತೇವೆ. ಬೆಳೆದ ನೆಲವನ್ನು ಪ್ರೀತಿಸುವ ಮಗುವಿನಲ್ಲಿ ಹೆತ್ತವರ ಮೇಲಿನ ತಿರಸ್ಕಾರವನ್ನು ಹುಡುಕಬಾರದೆಂದು ನನಗೆ ತೋರಿಸಿಕೊಟ್ಟದ್ದು ಈ ಪುಟಗಳೇ.

1944ರ ಆಗಸ್ಟ್ 4ರಂದು ಅಡಗುತಾಣದಲ್ಲಿದ್ದ ಎಂಟೂ ಜನರ ಬಂಧನವಾಯಿತು. ಅವರಿಗೆ ನೆರವಾಗುತ್ತಿದ್ದ ಮೀಪ್ ಗೀಸ್ ದಿನಚರಿಯ ಹಾಳೆಗಳನ್ನು ಓದದೆಯೇ ಎತ್ತಿಟ್ಟು, ಬದುಕಿ ಮರಳಿದ ಏಕೈಕ ವ್ಯಕ್ತಿ ಓಟ್ಟೋ ಅವರ ಕೈಗೆ ಕೊಟ್ಟರು. ಮಗಳಿಗೆ ಅಷ್ಟು ಹತ್ತಿರವಿದ್ದ ಆ ತಂದೆ, ಅವಳೊಳಗೆ ಇಂಥ ಆಳವಾದ ಯೋಚನೆಗಳಿದ್ದವೆಂದು ತನಗೆ ತಿಳಿದೇ ಇರಲಿಲ್ಲ, ಹೆಚ್ಚಿನ ತಂದೆತಾಯಂದಿರು ತಮ್ಮ ಮಕ್ಕಳನ್ನು ನಿಜವಾಗಿ ಅರಿತಿರುವುದಿಲ್ಲ ಎಂದು ಮುಂದೆ ಹೇಳಿದರು.

ದಿನಚರಿ 1944ರ ಆಗಸ್ಟ್ 1ರ ಪುಟದೊಂದಿಗೆ ನಿಂತುಹೋಗುತ್ತದೆ. ಓದುತ್ತಿರುವ ಮಗು “ಆಮೇಲೇನಾಯಿತು” ಎಂದು ಕೇಳುವುದು ಸಹಜ. ಎಡಿತ್ 1945ರ ಜನವರಿಯಲ್ಲಿ ನಾಜಿಗಳ ಸೆರೆಶಿಬಿರವಾದ ಔಶ್ವಿಟ್ಸ್‌ನಲ್ಲಿ, ಮಾರ್ಗೊಟ್ ಮತ್ತು ಆನ್ ಅದಾದ ಕೆಲವೇ ವಾರಗಳಲ್ಲಿ ಇನ್ನೊಂದು ಶಿಬಿರವಾದ ಬರ್ಗನ್-ಬೆಲ್ಸನ್‌ನಲ್ಲಿ ತೀರಿಕೊಂಡರೆಂಬುದನ್ನು ಮರೆಮಾಚದೆ, ಆದರೆ ಶಿಬಿರಗಳ ಚಿತ್ರಗಳನ್ನು ತೋರಿಸದೆ, ಮನೆಯವರೇ ಹೇಳಬೇಕು. ಇನ್ನೂ ಚಿಕ್ಕ ಮಕ್ಕಳಿರುವವರು ಅಡಗುತಾಣವಿದ್ದ ಪ್ರಿನ್ಸೆನ್‌ಖ್ರಾಖ್ತ್‌ನ ಮ್ಯೂಸಿಯಂ ಅನ್ನು ಮುಂದಕ್ಕಿಟ್ಟು, ಮೊದಲು ಅಡಗುವ ಮುನ್ನ ಕುಟುಂಬ ವಾಸಿಸುತ್ತಿದ್ದ ಮೆರ್ವೆಡೆಪ್ಲೇನ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ಅವಳ ಪ್ರತಿಮೆಯಿದೆ, ಮತ್ತು ಹೊಸ ಊರಿಗೆ ಬಂದ ಒಬ್ಬ ಹುಡುಗಿ ಗೆಳತಿಯರನ್ನು ಸಂಪಾದಿಸಿದ ಕಥೆಯಿಂದ ಮಾತು ಆರಂಭಿಸಬಹುದು.